ಮೊದಲು ತಾತ್ಕಾಲಿಕ, ಆಮೇಲೆ ಕಾಯಂ

ಥೀಸಿಸ್ ಸಲ್ಲಿಸುವ ಕಾಲ ಬಂತೆಂದರೆ ಮಾನಸಗಂಗೋತ್ರಿಯ ಆಸುಪಾಸಿನ ಡಿಟಿಪಿ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಒಂದು ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಅಧ್ಯಾಯ ಟೈಪಾಗುತ್ತಿರುತ್ತದೆ, ಇನ್ನೊಂದರಲ್ಲಿ ತಿದ್ದುಪಡಿ, ಎಲ್ಲಕ್ಕೂ ಪ್ರಿಂಟರ್ ಒಂದೇ. ಅಂಥದೊಂದು ಅಂಗಡಿಯ ಯಂತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಐಪಿ ವಿಳಾಸದ ಬಗ್ಗೆ ನನಗೆ ನಿಜವಾಗಿ ಅರ್ಥವಾದದ್ದೆಲ್ಲ ಅಲ್ಲಿಯೇ.

“ಸಾರ್, ಪ್ರಿಂಟ್ ಕೊಟ್ರೆ ಹೋಗ್ತಾನೇ ಇಲ್ಲ. ನಿನ್ನೆ ಸರಿಯಾಗಿತ್ತಲ್ಲ?” ರಾತ್ರಿ ಕರೆಂಟ್ ಹೋಗಿ ಬಂದಿದ್ದರೆ ಬೆಳಿಗ್ಗೆ ಮಾಲೀಕರ ಫೋನು ಹೀಗೆ ಬರುತ್ತಿತ್ತು. ಪ್ರಿಂಟರ್ ಕೆಟ್ಟಿರುತ್ತಿರಲಿಲ್ಲ. ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಅದಕ್ಕೆ ಬೇರೆ ವಿಳಾಸ ಕೊಟ್ಟಿರುತ್ತಿತ್ತು, ಕಂಪ್ಯೂಟರುಗಳು ಹಳೆಯದನ್ನೇ ಹುಡುಕುತ್ತಿದ್ದವು. ಹಾಗಾಗಿ ಪ್ರಿಂಟರಿಗೂ ಕಡತಗಳನ್ನಿಡುವ ಲಿನಕ್ಸ್ ಯಂತ್ರಕ್ಕೂ ಮಾತ್ರ ಸ್ಥಿರ ವಿಳಾಸ ಕೊಟ್ಟೆ. ಎಲ್ಲ ಯಂತ್ರಗಳಿಗೂ ಕೈಯಿಂದಲೇ ವಿಳಾಸ ಬರೆಯುವವರಿದ್ದಾರೆ, ನನಗದು ಒಪ್ಪಿಗೆಯಿಲ್ಲ. ಬೇರೆಯವರು ಹುಡುಕಿಕೊಂಡು ಬರುವ ಯಂತ್ರಕ್ಕಷ್ಟೇ ಸ್ಥಿರ ವಿಳಾಸ ಬೇಕು.

192.168.1.20/24 ಎಂಬ ವಿಳಾಸವನ್ನು ಸರಸ್ವತಿಪುರಂನ ಮನೆ ವಿಳಾಸದಂತೆ ಓದಬಹುದು: ಮೊದಲ ಮೂರು ಸಂಖ್ಯೆ ಮೇನ್ ರೋಡು, ಕೊನೆಯದು ಮನೆ ನಂಬರು. ಮೇನ್ ರೋಡು ಎಲ್ಲಿಗೆ ಮುಗಿಯುತ್ತದೆಂದು ಹೇಳುವುದು ಆ 24. ಲಿನಕ್ಸಿನಲ್ಲಿ ‘ಐಪಿ ಅಡ್ರೆಸ್ ಆಡ್’ ಎಂದು ಬರೆದು 24 ಬಿಟ್ಟರೆ ಅದು 32 ಎಂದುಕೊಳ್ಳುತ್ತದೆ. ಆಗ ಯಂತ್ರಕ್ಕೆ ವಿಳಾಸವಿರುತ್ತದೆ, ನೆರೆಹೊರೆ ಇರುವುದಿಲ್ಲ. ಪಕ್ಕದ ಮೇಜಿನ ಕಂಪ್ಯೂಟರೂ ಕಾಣದು. 192.168ರಿಂದ ಶುರುವಾಗುವ ವಿಳಾಸಗಳು ಖಾಸಗಿ ಜಾಲಗಳಿಗೆಂದೇ ಮೀಸಲು. ಈಗ ನಡೆಯುತ್ತಿರುವ ನಿಯಮ 1996ರದ್ದು. ನಮ್ಮ ಅಂಗಡಿಯ ವಿಳಾಸವೇ ಊರಿನ ಇನ್ನೆಷ್ಟೋ ಮನೆಗಳಲ್ಲಿದ್ದರೂ ತೊಂದರೆಯಾಗದಿರುವುದು ಅದರಿಂದ.

ಒಂದೇ ಜಾಲದೊಳಗೆ ಇಬ್ಬರಿಗೆ ಒಂದೇ ವಿಳಾಸವಾದರೆ ಮಾತ್ರ ಕಷ್ಟ. ಒಮ್ಮೆ ಪ್ರಿಂಟಾಗುತ್ತದೆ, ಒಮ್ಮೆ ಆಗುವುದಿಲ್ಲ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಪಿಂಗ್ ಮಾಡಿ ಉತ್ತರ ಬಾರದಿದ್ದರೆ ವಿಳಾಸ ಖಾಲಿಯಿದೆ ಎಂದು ಬಹಳ ಜನ ನಂಬುತ್ತಾರೆ. ಆದರೆ ವಿಂಡೋಸಿನ ಫೈರ್‌ವಾಲ್ ಸಾಮಾನ್ಯವಾಗಿ ಪಿಂಗಿಗೆ ಉತ್ತರ ಕೊಡಲು ಬಿಡುವುದಿಲ್ಲ. ಯಂತ್ರ ಅಲ್ಲೇ ಇದ್ದು ಸುಮ್ಮನಿರುತ್ತದೆ. ಒಂದೇ ಜಾಲದಲ್ಲಿರುವ ಯಂತ್ರ ‘ಈ ವಿಳಾಸ ಯಾರದು’ ಎಂಬ ಎಆರ್‌ಪಿ ಪ್ರಶ್ನೆಗಾದರೆ ಉತ್ತರಿಸಲೇಬೇಕು, ಇಲ್ಲದಿದ್ದರೆ ಅದರೊಡನೆ ಮಾತುಕತೆಯೇ ನಡೆಯದು. ಆದ್ದರಿಂದ ನಾನು ಆ ಪ್ರಶ್ನೆ ಕೇಳುವ ‘ಎಆರ್‌ಪಿಂಗ್’ ಬಳಸುತ್ತೇನೆ, ಡಿಎಚ್‌ಸಿಪಿ ಹಂಚುವ ಸಾಲಿನ ಹೊರಗಿನ ವಿಳಾಸವನ್ನೇ ಆರಿಸುತ್ತೇನೆ. ‘ಐಪಿ ಅಡ್ರೆಸ್ ಆಡ್’ ತಾನಾಗಿ ಈ ಪರೀಕ್ಷೆ ಮಾಡುವುದಿಲ್ಲ, ಹೇಳಿದ್ದನ್ನು ಹಾಕಿಬಿಡುತ್ತದೆ.

ಹೀಗೆ ಹಾಕಿದ ವಿಳಾಸ ಯಂತ್ರ ರೀಸ್ಟಾರ್ಟ್ ಆದೊಡನೆ ಅಳಿದುಹೋಗುತ್ತದೆ. ಹಲವರು ಇದನ್ನು ಕೊರತೆಯೆನ್ನುತ್ತಾರೆ, ನನಗಿದು ದೊಡ್ಡ ಅನುಕೂಲ. ತಪ್ಪಾದರೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಆಯಿತು, ಹಿಂದಿನ ಸ್ಥಿತಿ ಬರುತ್ತದೆ. ಪ್ರಿಂಟು ಹೋಯಿತೇ, ಗೇಟ್‌ವೇ ಸಿಕ್ಕಿತೇ, ಹೆಸರು ಹುಡುಕುವ ಡಿಎನ್‌ಎಸ್ ಕೆಲಸ ಮಾಡಿತೇ ಎಂದು ಒಂದೊಂದಾಗಿ ನೋಡಿಕೊಂಡ ಮೇಲೆಯೇ ಉಬುಂಟುವಿನ ನೆಟ್‌ಪ್ಲಾನ್ ಕಡತದಲ್ಲಿ ಕಾಯಂ ಆಗಿ ಬರೆಯುತ್ತೇನೆ. ಅಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿದೆ. ಒಂದು ಸ್ಪೇಸ್ ಹೆಚ್ಚುಕಡಿಮೆಯಾದರೂ ಕಡತ ಓದಿಸಿಕೊಳ್ಳದಿರಬಹುದು.

ಆ ಲಿನಕ್ಸ್ ಯಂತ್ರಕ್ಕೆ ಮಾನಿಟರ್ ಇಲ್ಲ. ಇನ್ನೊಂದು ಕಂಪ್ಯೂಟರಿನಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಬದಲಾಯಿಸಬೇಕು. ಬಂದ ದಾರಿಯನ್ನೇ ಬದಲಾಯಿಸುವ ಕೆಲಸವಾದ್ದರಿಂದ ಎಚ್ಚರ ಬೇಕು. ಒಂದೇ ನೆಟ್‌ವರ್ಕ್ ಕಾರ್ಡಿಗೆ ಎರಡು ವಿಳಾಸ ಇರಬಹುದು. ಹೊಸದನ್ನು ಸೇರಿಸಿ, ಅದರ ಮೂಲಕ ಮತ್ತೆ ಒಳಹೊಕ್ಕು ನೋಡಿದ ಮೇಲೆಯೇ ಹಳೆಯದನ್ನು ತೆಗೆಯುವ ಯೋಚನೆ. ಕಾಯಂ ಮಾಡುವಾಗ ‘ನೆಟ್‌ಪ್ಲಾನ್ ಟ್ರೈ’ ಕೊಡುತ್ತೇನೆ. 120 ಸೆಕೆಂಡುಗಳೊಳಗೆ ಸರಿಯಿದೆಯೆಂದು ಒಪ್ಪಿಗೆ ಒತ್ತದಿದ್ದರೆ ಅದು ಹಳೆಯ ವ್ಯವಸ್ಥೆಗೇ ಮರಳುತ್ತದೆ. ಸಂಪರ್ಕ ಕಡಿದುಹೋದರೂ ಅಷ್ಟು ಹೊತ್ತು ಕಾದು ಹಳೆಯ ವಿಳಾಸದಲ್ಲಿ ಮತ್ತೆ ಒಳಹೋಗಬಹುದು.