ಅಡಿಕೆಯ ಕೊಳೆರೋಗಕ್ಕೆ ಮಳೆಗೆ ಮೊದಲೇ ಮದ್ದು

ಎಳೆಗಾಯಿ ಕೊಳೆತು ಉದುರತೊಡಗಿದ ಮೇಲೆ ಕೊನೆಗಾರನನ್ನು ಹುಡುಕಿದರೆ ಅರ್ಧ ಫಸಲು ಹೋದಂತೆಯೇ. ನಮ್ಮ ಉಳವಿ ಸೀಮೆಯ ಬಿಡದ ಮಳೆಯಲ್ಲಿ ಈ ರೋಗದ ರೋಗಾಣು ಗೊನೆಯಿಂದ ಗೊನೆಗೆ ಹಬ್ಬುವುದು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿಯೇ ಇದರ ಬಗ್ಗೆ ಬರೆದರು. ಅವರು ರೂಢಿಗೆ ತಂದ ಬೋರ್ಡೋ ದ್ರಾವಣವೇ ಇಂದಿಗೂ ನಂಬಿಕೆಯ ಮದ್ದು.

1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿರಿ. 1 ಕಿಲೋ ಸುಣ್ಣವನ್ನು ಬೇರೆ 50 ಲೀಟರಿನಲ್ಲಿ ಕದಡಿ ಸೋಸಿರಿ. ತುತ್ತದ ನೀರನ್ನೇ ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕುವನ್ನು ಅದ್ದಿ ನೋಡಿರಿ. ಕೆಂಪಡರಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಿರಿ. ಅಂದೇ ಬಳಸಿರಿ.

ಮುಂಗಾರಿಗೆ ಮೊದಲೊಮ್ಮೆ, 40-45 ದಿನಕ್ಕೆ ಮತ್ತೊಮ್ಮೆ ಗೊನೆ ತೋಯುವಂತೆ ಹೊಡೆಸಿರಿ. ಉದುರಿದ ಕಾಯನ್ನು ಆಯ್ದು ತೋಟದಿಂದ ಹೊರಗೆ ಸುಡಿರಿ. ನೆರೆಯವರೂ ಅದೇ ವಾರ ಹೊಡೆಸುವಂತೆ ಮಾತಾಡಿಕೊಳ್ಳಿರಿ. ಗಾಳಿಮಳೆಗೆ ಬೇಲಿಯ ಲೆಕ್ಕವಿಲ್ಲ.