ದಾರಿ ಬಿಡುವ ಊರು

ಚಿಕ್ಕ ಮಕ್ಕಳದೆಂದು ನಾವು ಬದಿಗಿಡುವ ಪುಸ್ತಕಗಳಲ್ಲಿ ಕೆಲವು ದೊಡ್ಡವರೂ ಓದತಕ್ಕವು. ಅಮೆರಿಕದ ರಾಬರ್ಟ್ ಮೆಕ್‌ಕ್ಲಾಸ್ಕಿಯವರು ಬರೆದು ಚಿತ್ರಿಸಿ 1941ರಲ್ಲಿ ಪ್ರಕಟಿಸಿದ ‘ಮೇಕ್ ವೇ ಫಾರ್ ಡಕ್‌ಲಿಂಗ್ಸ್’ ಅಂಥದೊಂದು. ಮರುವರ್ಷ ಅದಕ್ಕೆ ಕಾಲ್ಡೆಕಾಟ್ ಪದಕ ದೊರೆಯಿತು. ಚಿತ್ರ ಸಹಜವಾಗಲೆಂದು ಅವರು ಬಾತುಗಳನ್ನು ತಂದು ತಮ್ಮ ಮನೆಯಲ್ಲಿಯೇ ಸಾಕಿದ್ದರು.

ಕಥೆ ಸರಳವಾದುದು. ಮ್ಯಾಲಾರ್ಡ್ ಎಂಬ ಬಾತುದಂಪತಿಗಳು ಬಾಸ್ಟನ್ ನಗರದಲ್ಲಿ ನೆಲೆ ಹುಡುಕುತ್ತವೆ. ಕಾಡಿನಲ್ಲಿ ನರಿಯ ಭಯ. ಉದ್ಯಾನದ ಕೊಳ ಚೆಲುವಾದರೂ ಅಲ್ಲಿ ಸೈಕಲ್ಲುಗಳ ಭಯ. ಹೆಣ್ಣುಬಾತು ಎರಡನ್ನೂ ಒಪ್ಪುವುದಿಲ್ಲ. ಕೊನೆಗೆ ಚಾರ್ಲ್ಸ್ ನದಿಯ ನಡುಗಡ್ಡೆಯಲ್ಲಿ ಗೂಡು ಕಟ್ಟಿ ಎಂಟು ಮರಿ ಮಾಡುತ್ತವೆ. ಗಂಡುಬಾತು ನದಿಯನ್ನು ನೋಡಿಬರಲು ಹೊರಟು, ವಾರದ ಮೇಲೆ ಉದ್ಯಾನದಲ್ಲಿ ಸೇರೋಣವೆನ್ನುತ್ತದೆ. ತಾಯಿ ಮರಿಗಳಿಗೆ ಈಜುವುದನ್ನೂ ಸಾಲಾಗಿ ನಡೆಯುವುದನ್ನೂ ಕಲಿಸಿ ಕರೆದೊಯ್ಯುತ್ತದೆ. ದೊಡ್ಡ ರಸ್ತೆಯಲ್ಲಿ ಕಾರುಗಳು ನಿಲ್ಲವು. ಆಗ ಮೈಕೇಲ್ ಎಂಬ ಪೊಲೀಸಿನವನು ಓಡಿಬಂದು, ಕೈಯೆತ್ತಿ, ಸೀಟಿ ಊದಿ ದಾರಿ ಬಿಡಿಸುತ್ತಾನೆ. ಮೊದಲು ಬೇಡವೆಂದ ಉದ್ಯಾನವೇ ಅವುಗಳ ಮನೆಯಾಗುತ್ತದೆ.

ಇದನ್ನು ಓದಿದಾಗ ನನಗೆ ನಮ್ಮ ಅಮ್ಮನ ನೆನಪಾಯಿತು. ತಂದೆಯವರ ವರ್ಗಾವಣೆಗಳಲ್ಲಿ ಪ್ರತಿ ಊರಿನಲ್ಲಿಯೂ ಬಾಡಿಗೆಮನೆ ನೋಡಿ, ಬಾವಿ ದೂರ, ರಸ್ತೆ ಹತ್ತಿರ ಎಂದು ಆಕೆ ತಲೆಯಾಡಿಸುತ್ತಿದ್ದಳು. ಒಂದೂರಿನಲ್ಲಿ ಮಾತ್ರ, ಸಾಮಾನು ಇಳಿಸುವ ಮೊದಲೇ ಪಕ್ಕದ ಮನೆಯಾಕೆ ಒಂದು ಕೊಡ ನೀರು ತಂದಿಟ್ಟಳು. ಆ ಮನೆಯ ಬಾವಿಯೂ ದೂರವೇ. ಅಮ್ಮ ಮತ್ತೆ ಆ ಮಾತೆತ್ತಲಿಲ್ಲ.

ಮನೆ ಹುಡುಕುವುದು ತಾಯ್ತಂದೆಗಳ ಕೆಲಸ. ಅದನ್ನು ನೆಲೆಯಾಗಿಸುವುದು ಊರಿನ ಕೆಲಸ. ಬಾಸ್ಟನ್ನಿನ ಆ ಉದ್ಯಾನದಲ್ಲಿ 1987ರಿಂದ ತಾಯಿಬಾತು, ಎಂಟು ಮರಿಗಳ ಕಂಚಿನ ಪ್ರತಿಮೆಗಳಿವೆ. ದಾರಿ ಬಿಟ್ಟ ಊರಿಗೆ ಅವೇ ಭೂಷಣ.