ಆಕಾಶದ ಕ್ಷೀಣಧ್ವನಿಯೂ ಭೂಮಿಯ ಗದ್ದಲವೂ

ಖಗೋಳಶಾಸ್ತ್ರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ದುರ್ಬೀನು ಮತ್ತು ಬೆಳಕು. ಆದರೆ ಆಕಾಶದಿಂದ ಬೆಳಕಿನ ಜೊತೆಗೆ ರೇಡಿಯೋ ಅಲೆಗಳೂ ಬರುತ್ತವೆ. ಇವು ಕಿವಿಗೆ ಕೇಳುವ ಶಬ್ದವಲ್ಲ. ಬೆಳಕಿನ ಜಾತಿಯವೇ, ಅಲೆಯುದ್ದ ಮಾತ್ರ ಬಹಳ ಹೆಚ್ಚು. ನಾನು ಇತಿಹಾಸದ ವಿದ್ಯಾರ್ಥಿ. ಭೌತವಿಜ್ಞಾನದ ಗಣಿತ ನನ್ನ ಅಳವಿಗೆ ಮೀರಿದ್ದು. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ದೊರೆತ ತಾಮ್ರಶಾಸನ ನಿಜವಾದದ್ದೋ ಕೂಟಶಾಸನವೋ ಎಂದು ಇತಿಹಾಸಕಾರ ಪರೀಕ್ಷಿಸುವಂತೆಯೇ, ದೊರೆತ ಸಂಕೇತ ಆಕಾಶದ್ದೋ ಭೂಮಿಯದೋ ಎಂದು ರೇಡಿಯೋ ವಿಜ್ಞಾನಿ ಪರೀಕ್ಷಿಸಬೇಕಾಗುತ್ತದೆ.

ಉಪ್ಪನ್ನು ಜ್ವಾಲೆಗೆ ಹಿಡಿದರೆ ಹಳದಿ ಬೆಳಕು ಹೊಮ್ಮುತ್ತದೆ. ಅದು ಸೋಡಿಯಂನ ಗುರುತು. ಪ್ರತಿಯೊಂದು ಮೂಲವಸ್ತುವಿಗೂ ಇಂಥ ಗುರುತುಗಳುಂಟು, ಇವನ್ನು ರೋಹಿತರೇಖೆಗಳೆನ್ನುತ್ತಾರೆ. ಜಲಜನಕದ ಪರಮಾಣುವಿಗೆ ರೇಡಿಯೋ ಅಲೆಗಳಲ್ಲಿಯೂ ಒಂದು ರೇಖೆಯಿದೆ. ಅದರ ಅಲೆಯುದ್ದ 21 ಸೆಂಟಿಮೀಟರ್. ಕಂಪನಸಂಖ್ಯೆ ಸೆಕೆಂಡಿಗೆ ಸುಮಾರು 142 ಕೋಟಿ, ಅಂದರೆ 1420 ಮೆಗಾಹರ್ಟ್ಸ್. ಇಂಥ ರೇಖೆ ದೊರೆಯಬೇಕೆಂದು 1944ರಲ್ಲಿ ಹಾಲೆಂಡಿನ ವಾನ್ ಡೆ ಹುಲ್ಸ್ಟ್ ಲೆಕ್ಕ ಹಾಕಿ ಹೇಳಿದರು. 1951ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ಯೂವೆನ್ ಮತ್ತು ಪರ್ಸೆಲ್ ಅದನ್ನು ಕಂಡುಹಿಡಿದರು.

ಈ ರೇಖೆಯ ಮಹತ್ವವನ್ನರಿತ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು, 1400ರಿಂದ 1427 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಯಾರೂ ಪ್ರಸಾರ ಮಾಡಕೂಡದೆಂದು ನಿಯಮಿಸಿವೆ. ಹಾಗಾದರೆ ಸಮಸ್ಯೆಯೆಲ್ಲಿ? ವಿಶ್ವ ಹಿಗ್ಗುತ್ತಿದೆ. ಅದರೊಡನೆ ಪಯಣದಲ್ಲಿರುವ ಅಲೆಯೂ ಹಿಗ್ಗುತ್ತದೆ. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದಲ್ಲಿ ಹೊರಟ 21 ಸೆಂಟಿಮೀಟರಿನ ಅಲೆ ನಮ್ಮನ್ನು ಸೇರುವ ವೇಳೆಗೆ ಹದಿನೆಂಟು ಪಟ್ಟು ಹಿಗ್ಗಿದ್ದರೆ, ಅದರ ಕಂಪನಸಂಖ್ಯೆ 1420ರಿಂದ 78ಕ್ಕೆ ಇಳಿದಿರುತ್ತದೆ. ಅಲ್ಲಿ ಕಾಯ್ದಿಟ್ಟ ಜಾಗವಿಲ್ಲ. ಪಕ್ಕದಲ್ಲೇ, 88ರಿಂದ 108ರವರೆಗೆ, ಎಫ್.ಎಂ. ಕೇಂದ್ರಗಳು ಹಾಡುತ್ತಿರುತ್ತವೆ. ನಿಂತ ರೇಖೆಗೆ ಬೇಲಿ ಹಾಕಬಹುದು. ಎಷ್ಟು ಹಿಗ್ಗಿದೆಯೆಂದು ಮೊದಲೇ ತಿಳಿಯದ ರೇಖೆಗೆ ಎಲ್ಲಿ ಬೇಲಿ ಹಾಕುವುದು?

ಸಂಕೇತ ಆಕಾಶದ್ದೆಂದು ನಿರ್ಣಯಿಸಲು ಎರಡು ಹಳೆಯ ಪರೀಕ್ಷೆಗಳಿವೆ. ಮೊದಲನೆಯದು ಗಡಿಯಾರದ ಪರೀಕ್ಷೆ. ನಕ್ಷತ್ರಗಳು ದಿನದಿನವೂ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಉದಯಿಸುತ್ತವೆ. ಮನುಷ್ಯರ ಪ್ರಸಾರ ಹಾಗಲ್ಲ. ಅಮೆರಿಕದ ಇಂಜಿನಿಯರ್ ಕಾರ್ಲ್ ಜಾನ್ಸ್ಕಿ ಟೆಲಿಫೋನಿಗೆ ಅಡ್ಡಿಯಾಗುವ ಗೊರಗೊರ ಸದ್ದಿನ ಮೂಲವನ್ನು ಹುಡುಕುತ್ತಿದ್ದಾಗ, ಒಂದು ಸದ್ದು 23 ಗಂಟೆ 56 ನಿಮಿಷಕ್ಕೊಮ್ಮೆ ಮರಳುವುದನ್ನು ಗಮನಿಸಿದರು. ಅದು ಆಕಾಶಗಂಗೆಯಿಂದ ಬರುವುದೆಂದು 1933ರಲ್ಲಿ ಪ್ರಕಟಿಸಿದರು. ಎರಡನೆಯದು ಚಲನೆಯ ಪರೀಕ್ಷೆ. ಭೂಮಿ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುವುದರಿಂದ ಆಕಾಶದ ಕಿರಿದಾದ ರೇಖೆ ವರ್ಷದುದ್ದಕ್ಕೂ ಅತ್ತಿತ್ತ ಸರಿಯುತ್ತದೆ, ಪ್ರಸಾರಕೇಂದ್ರದ್ದು ಕದಲುವುದಿಲ್ಲ.

ಆದರೆ ಮೊದಲ ನಕ್ಷತ್ರಗಳ ಕಾಲದ ಸಂಕೇತಕ್ಕೆ ಇವೆರಡೂ ಅಷ್ಟಾಗಿ ನೆರವಾಗವು. ಅದು ಆಕಾಶದ ಎಲ್ಲ ದಿಕ್ಕಿನಿಂದಲೂ ಎಲ್ಲ ಹೊತ್ತಿನಲ್ಲೂ ಬರುತ್ತದೆ. ಕಿರಿದಾದ ರೇಖೆಯಾಗಿರದೆ ಅಗಲವಾದ ತಗ್ಗಾಗಿರುತ್ತದೆ. ಉಳಿಯುವ ಉಪಾಯ ಮೂರು: ಗದ್ದಲದಿಂದ ದೂರ ಹೋಗುವುದು, ಕಲುಷಿತವಾದ ಅಳತೆಗಳನ್ನು ಕಿತ್ತೆಸೆಯುವುದು, ಬೇರೊಂದು ಉಪಕರಣದಿಂದ ಮತ್ತೆ ನೋಡುವುದು. ದೂರ ಹೋದರೂ ಸಾಲದು. ಉಲ್ಕೆಗಳ ಜಾಡು, ವಿಮಾನದ ಮೈ ಇವು ದಿಗಂತದಾಚೆಯ ಪ್ರಸಾರವನ್ನು ಪ್ರತಿಫಲಿಸಿ ತಂದುಬಿಡುತ್ತವೆ. ಕಿತ್ತೆಸೆಯುವುದರಲ್ಲೂ ಎಚ್ಚರ ಬೇಕು. ಜರಡಿ ಬಿಗಿಯಾದಷ್ಟೂ ಹೊಟ್ಟಿನ ಜೊತೆಗೆ ಕಾಳೂ ಹೋದೀತು.

ಮೂರನೆಯ ಉಪಾಯದ ಬೆಲೆಯನ್ನು ತೋರಿಸಿದ್ದು ನಮ್ಮ ನಾಡಿನ ಪ್ರಯೋಗವೇ. 2018ರಲ್ಲಿ, ಪಶ್ಚಿಮ ಆಸ್ಟ್ರೇಲಿಯದ ನಿರ್ಜನ ಪ್ರದೇಶದಲ್ಲಿಟ್ಟ 'ಎಡ್ಜಸ್' ಎಂಬ ಉಪಕರಣದಿಂದ 78 ಮೆಗಾಹರ್ಟ್ಸ್ ಬಳಿ ಒಂದು ತಗ್ಗು ಕಂಡಿತೆಂದು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಸಾವಿರ ಡಿಗ್ರಿಗೂ ಮೀರಿದ ಆಕಾಶದ ಹಿನ್ನೆಲೆಯಲ್ಲಿ ಅರ್ಧ ಡಿಗ್ರಿಯ ತಗ್ಗು! ಆದರೂ ಅದು ಸಿದ್ಧಾಂತ ಒಪ್ಪುವ ಗರಿಷ್ಠಕ್ಕಿಂತ ಎರಡು ಪಟ್ಟಿಗೂ ಮಿಗಿಲು. ನಿಜವಾಗಿದ್ದರೆ ಭೌತವಿಜ್ಞಾನದಲ್ಲಿ ಹೊಸ ಅಧ್ಯಾಯವೇ ತೆರೆಯಬೇಕಾಗಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್' ಎಂಬ ತಮ್ಮ ಉಪಕರಣದ ಮೂರನೆಯ ರೂಪವನ್ನು 2020ರ ಮೊದಲ ತಿಂಗಳುಗಳಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೆಪ್ಪದ ಮೇಲೆ ತೇಲಿಬಿಟ್ಟರು. ನೀರೇ ಏಕೆ? ನೆಲದ ಮಣ್ಣು ಪದರಪದರವಾಗಿದ್ದು ಅಲೆಗಳನ್ನು ಒಂದೊಂದು ಕಂಪನಸಂಖ್ಯೆಯಲ್ಲಿ ಒಂದೊಂದು ಬಗೆಯಾಗಿ ಹಿಂದಿರುಗಿಸುತ್ತದೆ. ಅದರಿಂದ ಅಳತೆಯಲ್ಲಿ ಇಲ್ಲದ ಏರಿಳಿತ ಮೂಡಬಹುದು. ಆಳವಾದ ನೀರು ಎಲ್ಲೆಡೆ ಒಂದೇ ಸಮ. ಎಫ್.ಎಂ. ಪಟ್ಟಿಯ ಕೆಳಗೇ ನಿಂತು, ಕಲುಷಿತ ಅಳತೆಗಳನ್ನು ತೆಗೆದು ನೋಡಿದಾಗ ಆ ತಗ್ಗು ಕಾಣಲಿಲ್ಲ. ಅದು ವಿಶ್ವದಿಂದ ಬಂದುದಲ್ಲ, ಉಪಕರಣದ ವಿಕಾರವಾಗಿರುವ ಸಂಭವವೇ ಹೆಚ್ಚೆಂದು 2022ರಲ್ಲಿ ಅವರು ಪ್ರಕಟಿಸಿದರು. ಅವರು ಹೇಳಿದ ನಿಶ್ಚಿತತೆ ಶೇಕಡಾ 95.3, ನೂರಲ್ಲ. ತಮ್ಮ ಸಂಶಯದ ಪ್ರಮಾಣವನ್ನೂ ಹೀಗೆ ಅಂಕಿಯಲ್ಲಿ ಬರೆದಿಡುವ ಈ ಪದ್ಧತಿ ನಮ್ಮ ಶಾಸ್ತ್ರಗಳಿಗೂ ಅನುಕರಣೀಯವೆಂದು ನನಗೆ ತೋರುತ್ತದೆ.

ಇನ್ನು ಮುಂದೆ ಕೆರೆಯ ಏಕಾಂತವೂ ಸಾಲಲಾರದು. ಆಕಾಶದಲ್ಲಿ ಸಾಲುಸಾಲಾಗಿ ಸುತ್ತುವ ಉಪಗ್ರಹಗಳು, ಪ್ರಸಾರ ಮಾಡಬೇಕೆಂಬ ಉದ್ದೇಶವಿಲ್ಲದೆಯೇ, 110ರಿಂದ 188 ಮೆಗಾಹರ್ಟ್ಸ್‌ಗಳ ನಡುವೆ ಅಲೆಗಳನ್ನು ಸೂಸುತ್ತಿವೆಯೆಂದು ಹಾಲೆಂಡಿನ 'ಲೋಫಾರ್' ದೂರದರ್ಶಕದಿಂದ 2023ರಲ್ಲಿ ತಿಳಿದುಬಂದಿದೆ. ಬೆಟ್ಟದ ಮರೆಗೆ ಸರಿದು ಇವುಗಳಿಂದ ತಪ್ಪಿಸಿಕೊಳ್ಳುವಂತಿಲ್ಲ. ಮೊಬೈಲು, ರೇಡಿಯೋಗಳನ್ನು ಬಿಟ್ಟು ಬದುಕೋಣವೆಂದು ನಾನು ಹೇಳುತ್ತಿಲ್ಲ. ಅವುಗಳ ಉಪಕಾರ ದೊಡ್ಡದು. ಆದರೆ ಶಾಸನಕಲ್ಲುಗಳಿರುವ ನೆಲವನ್ನು ಕಾನೂನಿನಿಂದ ಕಾಯುವ ನಾವು, ಸಾವಿರಾರು ಕೋಟಿ ವರ್ಷಗಳಲ್ಲದಿದ್ದರೂ ಸಾವಿರದ ಮುನ್ನೂರು ಕೋಟಿ ವರ್ಷಗಳಿಗೂ ಹಿಂದಿನ ಈ ಬರಹ ಅಳಿಸಿಹೋಗದಂತೆ ಒಂದಿಷ್ಟು ನಿಶ್ಶಬ್ದವನ್ನು ಕಾಯಬಾರದೆ? ಈ ಪ್ರಶ್ನೆ ವಿಜ್ಞಾನಿಗಳೊಬ್ಬರದೇ ಅಲ್ಲ, ನಾಗರಿಕರೆಲ್ಲರದೂ ಹೌದು.